ದನ ಮೇಯದಿದ್ದರೆ ಸಾಯುವ ಮುಳ್ಳುಗಿಡ

ಪ್ರಶ್ನೆ: ನಾವು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿದ್ದೇವೆ. ವಾಕಿಂಗ್ ಹೋಗುವ ಹೀತ್‌ನಲ್ಲಿ (ಮರಗಳಿಲ್ಲದ ಕುರುಚಲು ಬಯಲು) ಮೊಣಕಾಲಷ್ಟೂ ಎತ್ತರವಿಲ್ಲದ ಒಂದು ಮುಳ್ಳುಗಿಡ ಇದೆ. ಮೇ ತಿಂಗಳಲ್ಲಿ ತೊಗರಿ ಹೂವಿನ ಥರದ ಪುಟ್ಟ ಹಳದಿ ಹೂ ಬಿಡುತ್ತದೆ. ಊಟಿಯಲ್ಲೂ ಇಂಥದ್ದೇ ಗಿಡ ನೋಡಿದ ನೆನಪು. ಇಲ್ಲಿ ಇದು ಅಪರೂಪದ ಸಸ್ಯ ಅಂತ ಬೋರ್ಡ್ ಹಾಕಿದ್ದಾರೆ. ಆದರೆ ಅದೇ ಜಾಗಕ್ಕೆ ದನ, ಕುದುರೆ ಬಿಡುತ್ತಾರೆ. ಚಳಿಗಾಲದಲ್ಲಿ ಪೊದೆ ಕಡಿದು ಬೆಂಕಿಯನ್ನೂ ಹಾಕುತ್ತಾರೆ. ಇದು ಯಾವ ಗಿಡ? ಕಾಪಾಡಬೇಕಾದ ಗಿಡ ಇರುವ ಕಡೆ ದನ ಯಾಕೆ ಮೇಯಿಸುತ್ತಾರೆ? ಇದರ ಬೀಜ ತಂದು ಸಕಲೇಶಪುರದ ನಮ್ಮ ತೋಟದ ಬೇಲಿಗೆ ಹಾಕಬಹುದಾ?

ಉತ್ತರ: ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎರಡು ವಿಷಯ. ಗಿಡ ಮೊಣಕಾಲಿಗಿಂತ ಗಿಡ್ಡ, ಹೂ ಬಿಡುವುದು ಮೇ ತಿಂಗಳಲ್ಲಿ. ಇವೆರಡೂ ಸರಿಯಾಗಿದ್ದರೆ ಅದು ಬಹುಮಟ್ಟಿಗೆ ಪೆಟಿ ವಿನ್. ಸಸ್ಯಶಾಸ್ತ್ರದಲ್ಲಿ ಜೆನಿಸ್ಟಾ ಆಂಗ್ಲಿಕಾ ಅನ್ನುತ್ತಾರೆ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಇದು. ಅವರೆ, ತೊಗರಿ, ಹೊಂಗೆ ಇರುವ ಕುಟುಂಬವೇ ಇದರದ್ದೂ. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಉತ್ತರ ಜರ್ಮನಿ, ಡೆನ್ಮಾರ್ಕ್, ಸ್ಪೇನ್, ಪೋರ್ಚುಗಲ್ ಹೀಗೆ ಅಟ್ಲಾಂಟಿಕ್ ಸಮುದ್ರದ ಕಡೆಯ ಯೂರೋಪಿನಲ್ಲಿ ಬೆಳೆಯುತ್ತದೆ. ಪಕ್ಕದಲ್ಲೇ ಇರುವ ಐರ್ಲೆಂಡಿನಲ್ಲಿ ಮಾತ್ರ ಇಲ್ಲ.

ಆದರೂ ನಿಮ್ಮ ಕಡೆಯ ಹೀತ್‌ನಲ್ಲಿ ಹಳದಿ ಹೂ ಬಿಡುವ ಮುಳ್ಳುಗಿಡ ಇದೊಂದೇ ಅಲ್ಲ. ಗಾರ್ಸ್ ಇದೆ, ಡ್ವಾರ್ಫ್ ಗಾರ್ಸ್ ಅನ್ನುವ ಗಿಡ್ಡ ಜಾತಿಯೂ ಇದೆ. ಈ ಡ್ವಾರ್ಫ್ ಗಾರ್ಸ್ ಕೂಡ ಎಷ್ಟೋ ಕಡೆ ನೆಲಕ್ಕಂಟಿಕೊಂಡೇ ಬೆಳೆಯುತ್ತದೆ. ಹಾಗಾಗಿ ಎತ್ತರ ನೋಡಿ ತೀರ್ಮಾನ ಮಾಡಬೇಡಿ. ಗಿಡದ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೊದಲು ಎಲೆ ಇದೆಯಾ ನೋಡಿ.

ಪೆಟಿ ವಿನ್‌ಗೆ ನಿಜವಾದ ಎಲೆ ಇರುತ್ತದೆ. ಅರ್ಧ ಸೆಂಟಿಮೀಟರ್ ಆಸುಪಾಸಿನ, ಉದ್ದುದ್ದನೆಯ ಬಿಡಿ ಎಲೆಗಳು. ಬಣ್ಣ ಸ್ವಲ್ಪ ನೀಲಿ ಬೆರೆತ ಹಸಿರು. ಮುಟ್ಟಿದರೆ ನುಣುಪು, ರೋಮ ಇಲ್ಲ. ಮುಳ್ಳು ಹಳೆಯ ಕಡ್ಡಿಗಳ ಮೇಲೆ, ಕಂದು ಬಣ್ಣದಲ್ಲಿ, ತೆಳ್ಳಗೆ, ಒಂದೆರಡು ಸೆಂಟಿಮೀಟರ್ ಉದ್ದ ಇರುತ್ತದೆ. ಆ ವರ್ಷ ಚಿಗುರಿದ, ಹೂ ಹೊತ್ತ ಎಳೆ ಕಡ್ಡಿಗಳಲ್ಲಿ ಮುಳ್ಳೇ ಇಲ್ಲದಿರುವುದು ಜಾಸ್ತಿ. ಇದನ್ನು ನೆನಪಿಡಿ, ಮುಂದೆ ದನದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಗಾರ್ಸ್‌ನಲ್ಲಿ ಹಾಗಲ್ಲ. ಬೆಳೆದ ಗಾರ್ಸ್ ಪೊದೆಯಲ್ಲಿ ಎಲೆ ಅಂತ ಹೇಳುವಂಥದ್ದು ಏನೂ ಉಳಿದಿರುವುದಿಲ್ಲ. ಎಲೆಯೂ ಮುಳ್ಳು, ಕಡ್ಡಿಯ ತುದಿಯೂ ಮುಳ್ಳು, ಎಲ್ಲವೂ ಹಸಿರು. ಎಳೆಯ ಸಸಿಯಲ್ಲಿ ಮಾತ್ರ ಮೂರು ಪುಟ್ಟ ದಳದ ಎಲೆ ಕಾಣಿಸುತ್ತದೆ. ಗಿಡ ಬಲಿತಂತೆ ಅದು ಮುಳ್ಳಿಗೆ ಜಾಗ ಬಿಡುತ್ತದೆ. ಸಸಿ ಸಿಕ್ಕಿದರೆ ಬುಡದಿಂದ ಮೇಲಕ್ಕೆ ನೋಡುತ್ತಾ ಹೋಗಿ. ಎಲೆ ಮುಳ್ಳಾಗುವುದು ಒಂದೇ ಕಡ್ಡಿಯ ಮೇಲೆ ಸಾಲಾಗಿ ಕಾಣುತ್ತದೆ. ಮಕ್ಕಳಿಗೆ ತೋರಿಸಿ, ತುಂಬಾ ಇಷ್ಟಪಡುತ್ತಾರೆ.

ಎರಡನೆಯದಾಗಿ ಹೂವಿನ ಬುಡ ನೋಡಿ. ಗಾರ್ಸ್ ಹೂವಿನ ಪುಷ್ಪಪಾತ್ರೆ ಹೂವಿನಂತೆಯೇ ಹಳದಿ. ಅದರ ಮೇಲೆ ರೋಮ ಇರುತ್ತದೆ, ಬುಡದವರೆಗೂ ಎರಡು ಸೀಳಾಗಿರುತ್ತದೆ. ಪೆಟಿ ವಿನ್‌ನಲ್ಲಿ ಅದು ಚಿಕ್ಕದು, ಹಸಿರು, ನುಣುಪು. ಹೂವೂ ಸಣ್ಣದು, ಒಂದು ಸೆಂಟಿಮೀಟರ್ ಒಳಗೇ. ವಾಸನೆಯಿಂದಲೂ ಸುಳಿವು ಸಿಗುತ್ತದೆ. ದೊಡ್ಡ ಗಾರ್ಸ್ ಪೊದೆ ಬಿಸಿಲಿಗೆ ಕಾದಾಗ ತೆಂಗಿನಕಾಯಿ ಘಮ ಬರುತ್ತದೆ. ನಮ್ಮವರಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ! ಪೆಟಿ ವಿನ್‌ನಲ್ಲಿ ಅದು ಇಲ್ಲ.

ಹೂ ಬಿಡುವ ಕಾಲವೂ ಬೇರೆ ಬೇರೆ. ದೊಡ್ಡ ಗಾರ್ಸ್ ಚಳಿಗಾಲದಲ್ಲೇ ಶುರುಮಾಡಿ ವಸಂತದಲ್ಲಿ ತುಂಬಿಕೊಳ್ಳುತ್ತದೆ. ಪೆಟಿ ವಿನ್ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ. ಡ್ವಾರ್ಫ್ ಗಾರ್ಸ್ ಜುಲೈ ಕಳೆದ ಮೇಲೆ, ಹೆದರ್ ಅನ್ನುವ ಕುರುಚಲು ಗಿಡಗಳ ನೇರಳೆ ಹೂವಿನ ಜೊತೆ. ನೀವು ಹೇಳಿದ ಮೇ ತಿಂಗಳು ನನಗೆ ಮುಖ್ಯ ಅನಿಸಿದ್ದು ಇದಕ್ಕೇ. ಇಷ್ಟಾದರೂ ಅನುಮಾನ ಉಳಿದರೆ ಜುಲೈ ಕೊನೆಗೆ ಕಾಯಿ ನೋಡಿ. ಗಾರ್ಸ್ ಕಾಯಿ ಗಿಡ್ಡ, ಮೈತುಂಬ ರೋಮ. ಪೆಟಿ ವಿನ್ ಕಾಯಿ ಸುಮಾರು ಒಂದೂವರೆ ಸೆಂಟಿಮೀಟರ್, ಉಬ್ಬಿಕೊಂಡಿರುತ್ತದೆ, ಎರಡು ತುದಿಯೂ ಚೂಪು, ಮೈ ನುಣುಪು. ಹಸಿರೆಲೆ ಗೊಬ್ಬರಕ್ಕೆ ಗದ್ದೆಯಲ್ಲಿ ಅಪ್ಸೆಣಬು ಬೆಳೆದವರಿಗೆ ಈ ಉಬ್ಬಿದ ಕಾಯಿ ಎಲ್ಲೋ ನೋಡಿದ ಹಾಗೆ ಅನಿಸುತ್ತದೆ. ಅದು ಬರೀ ಹೋಲಿಕೆಯಲ್ಲ. ದ್ವಿದಳ ಕುಟುಂಬದೊಳಗೆ ಜೆನಿಸ್ಟಾದ ಗುಂಪಿಗೆ ತೀರಾ ಹತ್ತಿರದ ನೆಂಟ ಅಂದರೆ ಅಪ್ಸೆಣಬಿನ ಗುಂಪೇ. ಎರಡರಲ್ಲೂ ಹೂವಿನ ಹತ್ತು ಕೇಸರಗಳು ಬುಡದಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ.

ಹೂವಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಮುಂದಿನ ಮೇನಲ್ಲಿ ಹೊಸದಾಗಿ ಅರಳಿದ ಒಂದು ಹೂ ಹುಡುಕಿ. ಮೇಲೆ ಧ್ವಜದಳ, ಎರಡು ಬದಿಗೆ ರೆಕ್ಕೆದಳ, ಕೆಳಗೆ ಮುಚ್ಚಿದ ದೋಣಿದಳ. ಒಂದು ಕಡ್ಡಿಯಿಂದ ರೆಕ್ಕೆದಳಗಳನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ದೋಣಿದಳ ಟಪ್ಪೆಂದು ಬಿಟ್ಟುಕೊಂಡು ಕೆಳಗೆ ಬೀಳುತ್ತದೆ. ಒಳಗೆ ಬಿಗಿಯಾಗಿ ಬಾಗಿ ಕೂತಿದ್ದ ಶಲಾಕೆ, ಕೇಸರ ಎಲ್ಲಾ ಚಿಮ್ಮಿ ಮೇಲೇಳುತ್ತವೆ. ಪರಾಗ ಪುಡಿಯಾಗಿ ಹಾರುತ್ತದೆ. ಜೇನುಹುಳ ಬಂದು ಕೂತಾಗ ಆಗುವುದೂ ಇದೇ, ಪರಾಗ ಅದರ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಈ ಹೂವಿನಲ್ಲಿ ಮಕರಂದ ಇಲ್ಲ. ಹುಳಕ್ಕೆ ಸಿಗುವುದು ಪರಾಗ ಮಾತ್ರ. ಒಮ್ಮೆ ಚಿಮ್ಮಿದ ಹೂ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಹಾಗಾಗಿ ಒಂದು ಗಿಡದ ಮುಂದೆ ಕೂತು ಯಾವ ಹೂವಿಗೆ ಹುಳ ಬಂದು ಹೋಗಿದೆ, ಯಾವುದು ಇನ್ನೂ ಕಾಯುತ್ತಿದೆ ಅಂತ ಸುಲಭವಾಗಿ ಎಣಿಸಬಹುದು.

ಈಗ ದನದ ಪ್ರಶ್ನೆ. ನನ್ನ ಪ್ರಕಾರ ನಿಮ್ಮ ಪತ್ರದ ಒಳ್ಳೆಯ ಪ್ರಶ್ನೆ ಇದೇ. ಅಪರೂಪದ ಗಿಡ ಅಂದರೆ ಸುತ್ತ ಬೇಲಿ ಹಾಕಿ, ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು ಅಂತ ನಮಗೆಲ್ಲ ಅನಿಸುತ್ತದೆ. ಪೆಟಿ ವಿನ್ ವಿಷಯದಲ್ಲಿ ಹಾಗೆ ಮಾಡಿದರೆ ಇಪ್ಪತ್ತು ಮೂವತ್ತು ವರ್ಷದಲ್ಲಿ ಆ ಜಾಗದಿಂದ ಗಿಡ ಹೋಗಿಯೇಬಿಡುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಹೀತ್ ಅಂದರೆ ಏನು ಅಂತ ನೋಡಬೇಕು.

ನೀವು ವಾಕಿಂಗ್ ಹೋಗುವ ಆ ಬಯಲು ತಾನಾಗಿ ಆದದ್ದಲ್ಲ. ಅಲ್ಲಿ ಮೊದಲು ಕಾಡಿತ್ತು. ಮೂರು ನಾಲ್ಕು ಸಾವಿರ ವರ್ಷದ ಹಿಂದೆ, ಕಂಚಿನ ಯುಗದ ಜನ ಕಾಡು ಕಡಿದು ಸಾಗುವಳಿ ಮಾಡಿದರು, ದನ ಕುರಿ ಮೇಯಿಸಿದರು. ನೆಲ ಮರಳು, ಮಳೆ ಜಾಸ್ತಿ. ಮರಗಳಿಲ್ಲದ ಮರಳು ನೆಲದಿಂದ ಸತ್ವವೆಲ್ಲ ಮಳೆನೀರಿನಲ್ಲಿ ಕೆಳಗಿಳಿಯಿತು. ಎಲ್ಲಾದರೂ ಹೀತ್‌ನಲ್ಲಿ ಹೊಸದಾಗಿ ಗುಂಡಿ ತೋಡಿದ್ದು ಕಂಡರೆ ಬಗ್ಗಿ ನೋಡಿ. ಮೇಲೆ ಕಪ್ಪಗೆ ತೆಳುವಾದ ಒಂದು ಪದರ. ಅದರ ಕೆಳಗೆ ಬೂದಿ ಬಣ್ಣದ ಮರಳು, ಸತ್ವ ಕಳೆದುಕೊಂಡ ನೆಲ ಅದು. ಇನ್ನೂ ಕೆಳಗೆ ತುಕ್ಕಿನ ಬಣ್ಣದ ಗಟ್ಟಿ ಪದರ, ಮೇಲಿಂದ ಇಳಿದ ಕಬ್ಬಿಣದ ಅಂಶ ಅಲ್ಲಿ ಕೂತಿರುತ್ತದೆ. ಇಂಥ ಮಣ್ಣು ಹುಳಿ ಮಣ್ಣು. ಕಾಫಿ ತೋಟದವರು ಹುಳಿ ಹೆಚ್ಚಾಯಿತು ಅಂತ ಸುಣ್ಣ ಹಾಕುತ್ತೀರಲ್ಲ, ಅಲ್ಲಿ ಹುಳಿ ಅದಕ್ಕಿಂತ ಜಾಸ್ತಿ.

ಈ ಬಡ ನೆಲದಲ್ಲಿ ಹೆದರ್ ಬೆಳೆಯಿತು, ಗಾರ್ಸ್ ಬೆಳೆಯಿತು, ಪೆಟಿ ವಿನ್ ಬೆಳೆಯಿತು. ಊರಿನವರು ಅದನ್ನು ನಮ್ಮ ಗೋಮಾಳದ ಹಾಗೆ ಬಳಸಿದರು. ದನ, ಕುದುರೆ, ಕುರಿ ಮೇಯುತ್ತಿದ್ದವು. ಗಾರ್ಸ್ ಕಡಿದು ಬ್ರೆಡ್ ಸುಡುವ ಒಲೆಗೆ, ಇಟ್ಟಿಗೆ ಗೂಡಿಗೆ ಒಯ್ಯುತ್ತಿದ್ದರು. ಅದರಲ್ಲಿ ಎಣ್ಣೆಯ ಅಂಶ ಜಾಸ್ತಿ, ಹಸಿಯಿದ್ದಾಗಲೂ ಧಗಧಗ ಉರಿಯುತ್ತದೆ. ಹೆದರ್ ಸೂರಿಗೆ ಹೊದಿಸಲು, ಜರಿಗಿಡ ಕೊಟ್ಟಿಗೆಗೆ ಹಾಸಲು. ಬೇರು ಸಮೇತ ಹುಲ್ಲುಮಣ್ಣಿನ ಹೆಂಟೆ ಕೊಯ್ದು ಒಣಗಿಸಿ ಒಲೆಗೂ ಹಾಕುತ್ತಿದ್ದರು. ಯಾರು ಎಷ್ಟು ಕಡಿಯಬಹುದು, ಎಷ್ಟು ದನ ಬಿಡಬಹುದು ಅನ್ನುವುದಕ್ಕೆ ಕಟ್ಟಳೆ ಇತ್ತು. ನಿಮ್ಮ ಹತ್ತಿರದ ನ್ಯೂ ಫಾರೆಸ್ಟ್‌ನಲ್ಲಿ ಈ ಹಕ್ಕುಗಳು ಇವತ್ತಿಗೂ ಜೀವಂತ. 1079ರಲ್ಲಿ ವಿಲಿಯಂ ದೊರೆ ಬೇಟೆಗೆಂದು ಹಿಡಿದಿಟ್ಟ ಕಾಡು ಅದು. ಅಲ್ಲಿ ಮೇಯುವ ಪೋನಿಗಳಿಗೆ ಒಬ್ಬೊಬ್ಬ ಮಾಲೀಕ ಇದ್ದಾನೆ. ಅವು ಕಾಡು ಕುದುರೆಗಳಲ್ಲ.

ಹೀಗೆ ಪ್ರತಿ ವರ್ಷ ಏನನ್ನಾದರೂ ಕಡಿದೋ ಮೇಯಿಸಿಯೋ ತೆಗೆಯುತ್ತಲೇ ಇದ್ದದ್ದರಿಂದ ನೆಲ ಬಡವಾಗಿಯೇ ಉಳಿಯಿತು, ಮರ ಮೇಲೇಳಲಿಲ್ಲ. ಪೆಟಿ ವಿನ್‌ಗೆ ಬೇಕಾದದ್ದು ಇದೇ. ಅದು ಗಿಡ್ಡ ಗಿಡ. ನೆರಳು ಬಿದ್ದರೆ ಸೋಲುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಬಡ ನೆಲದಲ್ಲೂ ಅದಕ್ಕೆ ಊಟಕ್ಕೆ ತೊಂದರೆಯಿಲ್ಲ. ಅಕ್ಕಪಕ್ಕದ ಹುಲ್ಲು ಸೊರಗಿರುವಾಗ ತಾನು ಮಾತ್ರ ಹಸಿರಾಗಿರುತ್ತದೆ. ಅದರ ಬಲ ಇರುವುದೇ ನೆಲದ ಬಡತನದಲ್ಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಲೆಕ್ಕ ತಪ್ಪಿತು. 1842ರಲ್ಲಿ ಜಾನ್ ಬೆನೆಟ್ ಲಾಸ್ ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಪೇಟೆಂಟ್ ಪಡೆದರು. ಗೊಬ್ಬರ, ಸುಣ್ಣ ಕೈಗೆ ಸಿಕ್ಕಿದ ಮೇಲೆ ಹೀತ್ ಉಳುವುದು ಲಾಭದ ಕೆಲಸವಾಯಿತು. ಊರೊಟ್ಟಿನ ಜಮೀನುಗಳು ಬೇಲಿಯೊಳಗೆ ಸೇರಿದವು. ರೈಲಿನಲ್ಲಿ ಕಲ್ಲಿದ್ದಲು ಬಂತು, ಗಾರ್ಸ್ ಕಡಿಯುವವರು ಕಡಿಮೆಯಾದರು. 1919ರಲ್ಲಿ ಅರಣ್ಯ ಆಯೋಗ ಬಂದ ಮೇಲೆ ಎಷ್ಟೋ ಹೀತ್‌ಗಳಲ್ಲಿ ಪೈನ್ ನೆಟ್ಟರು. ಮಿಕ್ಕದ್ದು ಮನೆ, ರಸ್ತೆ, ಗಾಲ್ಫ್ ಮೈದಾನ. 1800ರಲ್ಲಿದ್ದ ತಗ್ಗುನಾಡಿನ ಹೀತ್‌ನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಈಗ ಇಲ್ಲ.

ಉಳಿದ ಒಂದು ಪಾಲಿನಲ್ಲೂ ಗಿಡ ನೆಮ್ಮದಿಯಾಗಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೀತ್‌ಗೆ ದನ ಅಟ್ಟುವವರೇ ಇಲ್ಲವಾದರು. ಸ್ವಲ್ಪ ಕಾಲ ಮೊಲಗಳು ಆ ಕೆಲಸ ಮಾಡಿದವು. 1953ರಲ್ಲಿ ಮಿಕ್ಸೊಮಟೋಸಿಸ್ ಅನ್ನುವ ರೋಗ ಬ್ರಿಟನ್ನಿಗೆ ಬಂದು ಮೊಲಗಳು ಹೆಚ್ಚುಕಡಿಮೆ ನಿರ್ನಾಮವಾದವು. ಅಷ್ಟೇ, ಬರ್ಚ್ ಮತ್ತು ಪೈನ್ ಸಸಿಗಳು ತಲೆಯೆತ್ತಿದವು. ಯಾರೂ ಕೈಹಾಕದೆ, ಯಾರೂ ಹಾಳುಮಾಡದೆ, ಸುಮ್ನೆ ಬಿಟ್ಟದ್ದಕ್ಕೇ ಎಷ್ಟೋ ಹೀತ್‌ಗಳು ಪೊದೆಗಾಡಾದವು. ದೊಡ್ಡ ಗಾರ್ಸ್ ಕೂಡ ಆಳೆತ್ತರ ಬೆಳೆದು ತನ್ನ ಗಿಡ್ಡ ನೆಂಟನ ಮೇಲೆ ನೆರಳು ಹಾಸಿತು.

ಇದರ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ಪೆಟ್ಟು. ವಾಹನಗಳ ಹೊಗೆಯಿಂದ, ಹೈನುಗಾರಿಕೆಯ ಸಗಣಿ ಗಂಜಲದಿಂದ ಏಳುವ ಸಾರಜನಕದ ಅನಿಲಗಳು ಮಳೆಯ ಜೊತೆ ನೆಲಕ್ಕಿಳಿಯುತ್ತವೆ. ನೆದರ್ಲೆಂಡ್ಸ್‌ನಲ್ಲಿ ಇದರಿಂದಾಗಿ ಹೆದರ್ ಇದ್ದ ಬಯಲುಗಳು ಕಣ್ಣೆದುರಿಗೇ ಹುಲ್ಲುಗಾವಲಾದವು. ಒದ್ದೆ ಜಾಗದಲ್ಲಿ ಮೊಲಿನಿಯಾ ಅನ್ನುವ ಹುಲ್ಲು ಎಲ್ಲವನ್ನೂ ಮುಚ್ಚಿಹಾಕಿತು. ಯೋಚಿಸಿ ನೋಡಿ. ಪೆಟಿ ವಿನ್ ಕಷ್ಟಪಟ್ಟು ಗಾಳಿಯಿಂದ ಸಾರಜನಕ ಹಿಡಿದು ಬದುಕುವ ಗಿಡ. ಅದೇ ಸಾರಜನಕ ಎಲ್ಲಾ ಗಿಡಕ್ಕೂ ಆಕಾಶದಿಂದ ಪುಕ್ಕಟೆ ಸಿಗತೊಡಗಿದರೆ ಇದಕ್ಕಿದ್ದ ಒಂದೇ ಬಲವೂ ಹೋಯಿತು. ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿ ಇದು ಅಪಾಯದ ಅಂಚಿಗೆ ಬಂದ ಸಸ್ಯ. ಇಂಗ್ಲೆಂಡನ್ನಷ್ಟೇ ತೆಗೆದುಕೊಂಡರೆ ಇನ್ನೂ ಒಂದು ಮೆಟ್ಟಿಲು ಕೆಳಗೆ, ಅಪಾಯಕ್ಕೆ ಸಿಲುಕಿದವುಗಳ ಸಾಲಿನಲ್ಲೇ ಇದೆ. ನಿಮ್ಮ ಕಡೆಯ ನ್ಯೂ ಫಾರೆಸ್ಟ್‌ನಲ್ಲಿ ಇನ್ನೂ ಚೆನ್ನಾಗಿ ಉಳಿದಿರುವುದಕ್ಕೆ ಕಾರಣ ಅಲ್ಲಿ ಮೇಯಿಸುವುದು ನಿಲ್ಲದೇ ಇದ್ದದ್ದು.

ಹಾಗಾಗಿ ನೀವು ನೋಡಿದ ದನ ಅಲ್ಲಿ ಕೆಲಸಕ್ಕೆ ಬಂದಿವೆ. ಅವು ಎರಡು ಉಪಕಾರ ಮಾಡುತ್ತವೆ. ಮೊಲಿನಿಯಾ ಹುಲ್ಲನ್ನು, ಬರ್ಚ್ ಚಿಗುರನ್ನು ತಿಂದು ಬೆಳಕು ಬಿಡಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಅವುಗಳ ಗೊರಸಿಗೆ ಸಿಕ್ಕಿ ಅಲ್ಲಲ್ಲಿ ಮಣ್ಣು ಬಯಲಾಗುತ್ತದೆ. ಪೆಟಿ ವಿನ್ ಬೀಜಕ್ಕೆ ಸಿಪ್ಪೆ ಗಟ್ಟಿ, ದಟ್ಟ ಹುಲ್ಲಿನ ಒಳಗೆ ಬಿದ್ದರೆ ಸಸಿ ಏಳುವುದು ಕಷ್ಟ. ಬಯಲಾದ ಮಣ್ಣು ಅದಕ್ಕೆ ಬೇಕೇಬೇಕು. ಕುರಿಗಿಂತ ದನ ಮೇಲು ಅಂತ ನಾನು ಹೇಳುವುದು ಈ ಗೊರಸಿನ ತೂಕಕ್ಕಾಗಿಯೇ.

ದನ ಪೆಟಿ ವಿನ್‌ನನ್ನೂ ತಿನ್ನುತ್ತವೆಯಾ? ತಿನ್ನುತ್ತವೆ. ಎಳೆ ಕಡ್ಡಿಗೆ ಮುಳ್ಳಿಲ್ಲ ಅಂದೆನಲ್ಲ, ಅದನ್ನು ಕಡಿಯುತ್ತವೆ. ಕೆಳಗಿನ ಹಳೆಯ ಮುಳ್ಳುಕಡ್ಡಿಗೆ ಬಾಯಿ ಹಾಕುವುದಿಲ್ಲ. ಗಿಡ ಅಲ್ಲಿಂದ ಮತ್ತೆ ಚಿಗುರುತ್ತದೆ. ಆದರೆ ಅಳತೆ ಮೀರಬಾರದು. ಏಪ್ರಿಲ್‌ನಿಂದ ಜೂನ್‌ವರೆಗೆ ಒಂದೇ ಜಾಗದಲ್ಲಿ ದನ ತುಂಬಿಸಿದರೆ ಹೂವೂ ಉಳಿಯುವುದಿಲ್ಲ, ಕಾಯಿಯೂ ಕಟ್ಟುವುದಿಲ್ಲ. ಇಡೀ ವರ್ಷ ಕಡಿಮೆ ದನ, ಅಥವಾ ಹೂವಿನ ಕಾಲದಲ್ಲಿ ಬೇರೆ ಕಡೆಗೆ ಅಟ್ಟುವುದು, ಎರಡರಲ್ಲಿ ಒಂದನ್ನು ಒಳ್ಳೆಯ ನಿರ್ವಾಹಕರು ಪಾಲಿಸುತ್ತಾರೆ. ನಿಮ್ಮ ಹೀತ್‌ನಲ್ಲಿ ಹೂ ಬಿಟ್ಟ ಗಿಡಗಳು ಪ್ರತಿ ವರ್ಷ ಕಡಿಮೆಯಾಗುತ್ತಾ ಬಂದಿವೆ ಅನಿಸಿದರೆ ಸಂಕೋಚಪಡದೆ ಅಲ್ಲಿನವರಿಗೆ ತಿಳಿಸಿ. ದಿನಾ ನಡೆಯುವವರ ಕಣ್ಣಿಗೆ ಬೀಳುವುದು ಎಷ್ಟೋ ಸಲ ಅಧಿಕಾರಿಗಳ ಕಣ್ಣಿಗೆ ಬಿದ್ದಿರುವುದಿಲ್ಲ.

ಬೆಂಕಿಯ ವಿಷಯ ಸ್ವಲ್ಪ ಸೂಕ್ಷ್ಮ. ಇಂಗ್ಲೆಂಡಿನ ತಗ್ಗುನಾಡಿನಲ್ಲಿ ಹೆದರ್ ಸುಡಲು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮಾತ್ರ ಅವಕಾಶ. ಆಗ ನೆಲ ಒದ್ದೆ, ಹಕ್ಕಿಗಳು ಗೂಡು ಕಟ್ಟಿರುವುದಿಲ್ಲ. ಬೆಂಕಿ ಮೇಲೆಮೇಲೆ ಹಾದುಹೋಗುತ್ತದೆ, ಬೇರಿಗೆ ಶಾಖ ಇಳಿಯುವುದಿಲ್ಲ. ಒಂದೊಂದು ವರ್ಷ ಒಂದೊಂದು ತುಂಡು ಸುಡುವುದರಿಂದ ಎಳೆಯ ಹೆದರ್, ಬಲಿತ ಹೆದರ್, ಮುದಿಯಾದ ಹೆದರ್ ಎಲ್ಲವೂ ಅಕ್ಕಪಕ್ಕದಲ್ಲಿರುತ್ತವೆ. ಬೇಸಿಗೆಯ ಬೆಂಕಿ ಬೇರೆಯೇ. 2020ರ ಮೇ ತಿಂಗಳಲ್ಲಿ ಡಾರ್ಸೆಟ್‌ನ ವೇರ್‌ಹ್ಯಾಮ್ ಅರಣ್ಯದಲ್ಲಿ ಎದ್ದ ಬೆಂಕಿ ನೆಲದೊಳಗಿನ ಒಣ ಕಸದಲ್ಲೂ ಹೊಗೆಯಾಡುತ್ತಾ ದಿನಗಟ್ಟಲೆ ಆರಲಿಲ್ಲ. ಅಂಥ ಬೆಂಕಿಗೆ ಪೆಟಿ ವಿನ್ ಬೇರೂ ಉಳಿಯುವುದಿಲ್ಲ, ಹಾವು ಹಲ್ಲಿಗಳೂ ಉಳಿಯುವುದಿಲ್ಲ. ದಯವಿಟ್ಟು ಹೀತ್‌ಗೆ ಬಾರ್ಬೆಕ್ಯೂ ಒಯ್ಯಬೇಡಿ, ಒಯ್ಯುವ ಗೆಳೆಯರನ್ನೂ ತಡೆಯಿರಿ.

ಹಾಗಂತ ಗಾರ್ಸ್ ಅನ್ನು ಪೂರ್ತಿ ಕಡಿದು ಹಾಕುವುದೂ ತಪ್ಪು. ಡಾರ್ಟ್‌ಫೋರ್ಡ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿ ಚಳಿಗಾಲವನ್ನು ಗಾರ್ಸ್ ಪೊದೆಯೊಳಗೇ ಕಳೆಯುತ್ತದೆ. 1962-63ರ ಭೀಕರ ಚಳಿಯ ನಂತರ ಇಡೀ ಬ್ರಿಟನ್ನಿನಲ್ಲಿ ಹನ್ನೊಂದೇ ಜೋಡಿ ಉಳಿದಿದ್ದವು. ಅಲ್ಲಿಂದ ಅದು ಮತ್ತೆ ಚೇತರಿಸಿಕೊಂಡಿದೆ. ಪೊದೆ ಇರಬೇಕು, ಆದರೆ ಅಲ್ಲೊಂದು ಇಲ್ಲೊಂದು ಇರಬೇಕು. ಪೆಟಿ ವಿನ್ ನಂಬಿದ ಜೀವಿಯೂ ಇದೆ. ಕೋಲಿಯೊಫೋರಾ ಜೆನಿಸ್ಟೇ ಅನ್ನುವ ಸಣ್ಣ ಪತಂಗದ ಹುಳು ಈ ಗಿಡದ ಎಲೆ ತಿಂದು, ತನ್ನ ಸುತ್ತ ಪುಟ್ಟ ಕೊಳವೆ ಕಟ್ಟಿಕೊಂಡು ಅದರೊಳಗೇ ಬೆಳೆಯುತ್ತದೆ. ಗಿಡ ಹೋದ ಕಡೆ ಅದೂ ಇಲ್ಲ.

ಜರ್ಮನಿಯ ಲ್ಯೂನೆಬುರ್ಗ್ ಹೀತ್‌ನಲ್ಲೂ ಇದೇ ತಿಳಿವಳಿಕೆ. ಅಲ್ಲಿ ಹೈಡ್‌ಶ್ನುಕೆ ಅನ್ನುವ ಕಪ್ಪು ಮುಖದ ಕುರಿ ಮಂದೆಗಳನ್ನು ಮೇಯಿಸಲು ಇಂದಿಗೂ ಕುರುಬರನ್ನು ಇಟ್ಟಿದ್ದಾರೆ. ಕೆಲವು ಕಡೆ ಮೇಲ್ಮಣ್ಣಿನ ಹೆಂಟೆಯನ್ನೇ ಯಂತ್ರದಿಂದ ಕೊಯ್ದು ಹೊರಗೆ ಸಾಗಿಸುತ್ತಾರೆ. ಮಣ್ಣು ಫಲವತ್ತಾಗಲಿ ಅಂತ ಬಯಸುವ ರೈತರ ಮನೆಯಿಂದ ಬಂದ ನಮಗೆ ಇದು ವಿಚಿತ್ರ ಅನಿಸಬಹುದು. ಅಲ್ಲಿ ಬೇಕಾಗಿರುವುದು ನೆಲದ ಸತ್ವ ಇಳಿಸುವುದೇ.

ಇನ್ನು ಊಟಿ. ನೀವು ಅಲ್ಲಿ ಕಂಡದ್ದು ಪೆಟಿ ವಿನ್ ಅಲ್ಲ. ಮುಳ್ಳಿದ್ದರೆ ಅದು ದೊಡ್ಡ ಗಾರ್ಸ್, ಯುಲೆಕ್ಸ್ ಯೂರೋಪಿಯಸ್. ಮುಳ್ಳಿಲ್ಲದೆ ಪೊರಕೆ ಕಡ್ಡಿಗಳ ಮೇಲೆ ಹಳದಿ ಹೂ ಇದ್ದರೆ ಸ್ಕಾಚ್ ಬ್ರೂಮ್. ಎರಡನ್ನೂ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರೇ ತಂದು ನೀಲಗಿರಿಯಲ್ಲಿ ಬೆಳೆಸಿದರು. ಬೇಲಿಗೂ ಆಯಿತು, ತಮ್ಮ ಊರಿನ ಹೂ ನೋಡಿದ ಹಾಗೂ ಆಯಿತು. ಎರಡು ಸಾವಿರ ಮೀಟರ್ ಮೇಲಿನ ಆ ತಂಪು, ಆ ಹುಳಿ ಮಣ್ಣು ಇವಕ್ಕೆ ಚೆನ್ನಾಗಿ ಒಗ್ಗಿತು. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವ ನಮ್ಮವರು ಹೂ ಚೆಂದ ಅಂತ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಆ ಗುಡ್ಡಗಳು ತೋಡರ ಎಮ್ಮೆಗಳು ಮೇಯುವ ಹುಲ್ಲುಗಾವಲು, ನೀಲಗಿರಿ ತಾರ್ ಅನ್ನುವ ಕಾಡುಮೇಕೆಗಳ ನೆಲೆ. ಹುಲ್ಲಿನ ಜಾಗವನ್ನು ಈ ಪೊದೆ, ವ್ಯಾಟಲ್ ಮರ ಹಿಡಿದರೆ ಎಮ್ಮೆಗೂ ಇಲ್ಲ, ತಾರ್‌ಗೂ ಇಲ್ಲ.

ಗಾರ್ಸ್ ತನ್ನ ಊರಿನಲ್ಲಿ ಇದ್ದಷ್ಟು ಹದ್ದುಬಸ್ತಿನಲ್ಲಿ ಇಲ್ಲಿ ಯಾಕಿಲ್ಲ? ಅಲ್ಲಿ ಅದರ ಕಾಯಿಯೊಳಗೆ ಬೀಜ ತಿನ್ನುವ ಸೊಂಡಿಲು ಕೀಟ ಇದೆ, ಚಿಗುರು ತಿನ್ನುವ ಪೋನಿ ಇದೆ, ಒಲೆಗೆ ಕಡಿಯುವ ಜನರಿದ್ದರು. ಇಲ್ಲಿಗೆ ಗಿಡ ಬಂತು, ಇವು ಯಾವುವೂ ಬರಲಿಲ್ಲ. ಬೇಸಿಗೆಯ ಬಿಸಿಲಿಗೆ ಕಾಯಿ ಚಟ್ ಅಂತ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಬೀಜದ ತುದಿಯಲ್ಲಿ ಎಣ್ಣೆಯ ಸಣ್ಣ ಗಂಟಿದೆ, ಅದರ ಆಸೆಗೆ ಇರುವೆಗಳು ಇನ್ನೂ ದೂರ ಹೊತ್ತೊಯ್ಯುತ್ತವೆ. ಬಿದ್ದ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಕಡಿದರೆ ಬುಡದಿಂದ ಚಿಗುರುತ್ತದೆ, ಸುಟ್ಟರೆ ಬೀಜಗಳು ಒಟ್ಟಿಗೆ ಮೊಳೆಯುತ್ತವೆ. ನ್ಯೂಜಿಲೆಂಡಿಗೂ ಬೇಲಿಗೆಂದೇ ಒಯ್ದರು. ಅದು ಹೊಲಗಳನ್ನೇ ನುಂಗಿತು. 1931ರಲ್ಲಿ ಆ ಬೀಜ ತಿನ್ನುವ ಕೀಟವನ್ನು ಅಲ್ಲಿಗೆ ತರಿಸಿದರು. ಆದರೂ ಗಾರ್ಸ್ ಸೋಲಲಿಲ್ಲ. ಶ್ರೀಲಂಕಾದ ಹಾರ್ಟನ್ ಪ್ಲೇನ್ಸ್‌ನಲ್ಲೂ ಇದೇ ಕಾಟ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಾಗಿರುತ್ತದೆ. ದಯವಿಟ್ಟು ತರಬೇಡಿ. ಪೆಟಿ ವಿನ್ ಆಗಲಿ ಗಾರ್ಸ್ ಆಗಲಿ, ಒಂದು ಬೀಜವೂ ಬೇಡ. ಪೆಟಿ ವಿನ್ ಬೇಲಿಗೆ ಉಪಯೋಗವೂ ಇಲ್ಲ, ಮೊಣಕಾಲೆತ್ತರದ ಗಿಡವನ್ನು ದನ ದಾಟಿಯೇ ಬರುತ್ತದೆ. ಗಾರ್ಸ್ ಬೇಲಿಗೆ ಆಗುತ್ತದೆ, ಆದರೆ ಅದು ಬೇಲಿಯಲ್ಲೇ ನಿಲ್ಲುವುದಿಲ್ಲ. ಪಶ್ಚಿಮಘಟ್ಟದ ಮಗ್ಗುಲಲ್ಲೇ ಇರುವ ಸಕಲೇಶಪುರಕ್ಕೆ ಇಂಥದ್ದನ್ನು ತರುವುದನ್ನು ನೆನೆಸಿಕೊಂಡರೇ ನನಗೆ ಭಯವಾಗುತ್ತದೆ. ಲಂಟಾನದಿಂದ ಪಟ್ಟ ಪಾಡು ಸಾಲದೇ? ಕಾನೂನೂ ಬಿಡುವುದಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಅನುಮತಿ ಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ, ಗಿಡ ಭಾರತಕ್ಕೆ ತರುವಂತಿಲ್ಲ. ಇಂಗ್ಲೆಂಡಿನಲ್ಲೂ 1981ರ ವನ್ಯಜೀವಿ ಕಾಯ್ದೆಯಂತೆ ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಯಾವ ಕಾಡುಗಿಡವನ್ನೂ ಬೇರು ಸಮೇತ ಕೀಳುವಂತಿಲ್ಲ. ಊರಿಗೆ ಹೊರಡುವ ಮುಂಚೆ ಹೀತ್‌ನಲ್ಲಿ ಹಾಕಿದ್ದ ಬೂಟಿನ ಅಡಿಯನ್ನು ಚೆನ್ನಾಗಿ ತೊಳೆದು ಒಣಗಿಸಿ. ಕಾಲುಚೀಲ, ಪ್ಯಾಂಟಿನ ಮಡಿಕೆಯನ್ನೂ ಝಾಡಿಸಿ.

ಒಂದು ಎಚ್ಚರಿಕೆಯನ್ನೂ ಸೇರಿಸಿಬಿಡುತ್ತೇನೆ. ಜೆನಿಸ್ಟಾ, ಗಾರ್ಸ್, ಬ್ರೂಮ್ ಈ ಎಲ್ಲದರಲ್ಲೂ ಸೈಟಿಸಿನ್‌ನಂಥ ವಿಷದ ಅಂಶಗಳಿವೆ, ಬೀಜದಲ್ಲಿ ಜಾಸ್ತಿ. ಕಾಯಿ ಅವರೆಯ ಥರ ಕಂಡಿತು ಅಂತ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಸೋಯಾ ಬಗ್ಗೆ ಓದುವಾಗ ಜೆನಿಸ್ಟೀನ್ ಅನ್ನುವ ಹೆಸರು ನೀವು ಕೇಳಿರಬಹುದು. ಆ ವಸ್ತುವನ್ನು ಮೊದಲು ಬೇರ್ಪಡಿಸಿದ್ದು 1899ರಲ್ಲಿ, ಪೆಟಿ ವಿನ್‌ನ ಸೋದರ ಜಾತಿಯಾದ ಜೆನಿಸ್ಟಾ ಟಿಂಕ್ಟೋರಿಯಾದಿಂದ. ಹಿಂದೆ ಬಟ್ಟೆಗೆ ಹಳದಿ ಬಣ್ಣ ಹಾಕಲು ಬಳಸುತ್ತಿದ್ದ ಗಿಡ ಅದು, ಅದಕ್ಕೆ ಮುಳ್ಳಿಲ್ಲ.

ಗಿಡ ಗುರುತಿಸಿದ್ದು ಖಚಿತ ಆಗಬೇಕಾದರೆ ಎಲೆ, ಹೂವಿನ ಬುಡ, ಕಾಯಿ ಈ ಮೂರರ ಫೋಟೋ ತೆಗೆದು ನಿಮ್ಮ ಕೌಂಟಿಯ ಸಸ್ಯ ದಾಖಲೆಗಾರರಿಗೆ ಕಳಿಸಿ. ಬ್ರಿಟನ್ ಮತ್ತು ಐರ್ಲೆಂಡಿನ ಸಸ್ಯಶಾಸ್ತ್ರ ಸಂಘ ಪ್ರತಿ ಕೌಂಟಿಗೂ ಇಂಥವರನ್ನು ನೇಮಿಸಿದೆ. ಅವರಿಗೆ ಪೆಟಿ ವಿನ್ ಎಲ್ಲಿದೆ ಅನ್ನುವ ಮಾಹಿತಿ ನಿಜಕ್ಕೂ ಬೇಕು.

ಬೇಲಿಗೆ ದ್ವಿದಳ ಕುಟುಂಬದ ಮುಳ್ಳುಗಿಡವೇ ಬೇಕು ಅಂತಿದ್ದರೆ ನಮ್ಮಲ್ಲೇ ಇದೆ. ಗಜ್ಜುಗ ಹಾಕಿ. ಕಡ್ಡಿಗೂ ಮುಳ್ಳು, ಎಲೆ ದಿಂಡಿಗೂ ಮುಳ್ಳು, ಕಾಯಿಯ ಮೇಲೂ ಮುಳ್ಳು. ಎರಡು ಮೂರು ವರ್ಷದಲ್ಲಿ ದನವಿರಲಿ ನಾಯಿಯೂ ನುಸುಳದ ಹಾಗೆ ಹೆಣೆದುಕೊಳ್ಳುತ್ತದೆ. ಹತ್ತಿರ ದೊಡ್ಡ ಮರಗಳಿದ್ದರೆ ಸೀಗೆಯೂ ಆಗುತ್ತದೆ, ಆದರೆ ಅದು ಮರ ಹತ್ತುವ ಬಳ್ಳಿ, ವರ್ಷಕ್ಕೊಮ್ಮೆ ಸವರಲು ಆಳು ಬೇಕು. ಗಜ್ಜುಗದ ಬೀಜ ಕಲ್ಲಿನಷ್ಟು ಗಟ್ಟಿ. ಒರಟು ಕಲ್ಲಿನ ಮೇಲೆ ಒಂದು ಬದಿಯನ್ನು ಒಳಗಿನ ಬಿಳಿ ಕಾಣುವವರೆಗೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮುಂಗಾರು ಹಿಡಿದ ಮೇಲೆ ಅಗಳಿನ ಒಳಬದಿಯ ದಿಣ್ಣೆಯಲ್ಲಿ ಮೂರು ಅಡಿಗೊಂದರಂತೆ ಊರಿ.